ಯುದ್ಧಕಾಲದ ಪತ್ರಿಕೆಗಳೂ ಒಬ್ಬ ಚದುರಂಗ ವೀರನ ಕೀರ್ತಿಯೂ

ಮನುಷ್ಯನ ಕೀರ್ತಿಯು ಅವನ ಕೃತಿಯಿಂದ ಹುಟ್ಟುತ್ತದೆಂಬುದು ಸಾಮಾನ್ಯ ನಂಬಿಕೆ. ಶಾಲೆಯಲ್ಲಿ ಮಕ್ಕಳಿಗೂ ನಾವು ಇದನ್ನೇ ಬೋಧಿಸುತ್ತೇವೆ. ಆದರೆ ಕೃತಿಗೂ ಕೀರ್ತಿಗೂ ನಡುವೆ ಸದಾಕಾಲ ಒಬ್ಬ ಮಧ್ಯಸ್ಥನು ನಿಂತಿರುತ್ತಾನೆ. ಹಿಂದಿನ ಕಾಲದಲ್ಲಿ ಅವನು ಆಸ್ಥಾನ ಕವಿಯೋ, ಶಾಸನ ಬರೆಯಿಸಿದ ದಂಡನಾಯಕನೋ ಆಗಿದ್ದನು. ಕಳೆದ ಎರಡು ಶತಮಾನಗಳಲ್ಲಿ ಆ ಸ್ಥಾನವನ್ನು ವೃತ್ತಪತ್ರಿಕೆಯು ಆಕ್ರಮಿಸಿತು. ಶಾಂತಿಕಾಲದಲ್ಲಿ ಈ ಮಧ್ಯಸ್ಥನು ತಕ್ಕಮಟ್ಟಿಗೆ ನಂಬಿಕಸ್ಥ. ಯುದ್ಧ ಬಂದಾಗ ಅವನು ಆಳುವವರ ಸೇವಕನಾಗುತ್ತಾನೆ. ಈ ಮಾತಿಗೆ ಚದುರಂಗದ ಜಗತ್ತಿನಲ್ಲಿ ಅತ್ಯಂತ ಸ್ಪಷ್ಟವಾದ ಒಂದು ನಿದರ್ಶನವಿದೆ. ರಷ್ಯಾದಲ್ಲಿ ಹುಟ್ಟಿ, ಫ್ರಾನ್ಸಿನ ಪ್ರಜೆಯಾಗಿ, ಪೋರ್ಚುಗಲ್ಲಿನಲ್ಲಿ ಮೃತನಾದ ವಿಶ್ವವಿಜೇತ ಅಲೆಕ್ಸಾಂಡರ್ ಅಲೆಖಿನ್ ಎಂಬಾತನದು ಆ ನಿದರ್ಶನ.

ದೂರದೇಶದ ಈ ಕಥೆಗೂ ನಮ್ಮ ಮಠದ ವಿದ್ಯಾಸಂಸ್ಥೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಎರಡು ಬಗೆಯದು. ಮೊದಲನೆಯದು, ಚದುರಂಗವು ನಮ್ಮ ನಾಡಿಗೆ ಹೊರಗಿನದಲ್ಲ. ಕನ್ನಡ, ಉರ್ದು, ಮರಾಠಿ ಈ ಮೂರು ಭಾಷೆಗಳೂ ಬೆರೆತ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಚದುರಂಗ, ಶತರಂಜ್, ಬುದ್ಧಿಬಲ ಎಂಬ ಮೂರು ಹೆಸರುಗಳೂ ಕಿವಿಗೆ ಬೀಳುವಂಥವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯಿಂದ ಹಾಸಿನ ಎಲ್ಲ ಮನೆಗಳನ್ನೂ ಸುತ್ತಿ ಬರುವ ಸಮಸ್ಯೆಗಳನ್ನು ರಚಿಸಿ ಹೆಸರಾದವರು. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಹದಿನೆಂಟು ವರ್ಷದ ಗುಕೇಶ್ ವಿಶ್ವವಿಜೇತನಾದ ಮೇಲಂತೂ ಹಳ್ಳಿಯ ಶಾಲೆಗಳಲ್ಲಿಯೂ ಈ ಆಟದ ಉತ್ಸಾಹ ಹೆಚ್ಚಿದೆ. ಎರಡನೆಯ ಸಂಬಂಧವು ಇನ್ನೂ ಆಳವಾದುದು. ಯುದ್ಧಕಾಲದ ಸುದ್ದಿಯು ವ್ಯಕ್ತಿಗಳ ಹೆಸರನ್ನೂ ಸಮುದಾಯಗಳ ಹೆಸರನ್ನೂ ಹೇಗೆ ಕಟ್ಟುತ್ತದೆ, ಹೇಗೆ ಕೆಡವುತ್ತದೆ ಎಂಬುದನ್ನು 1947–48ರಲ್ಲಿ ನಮ್ಮ ಈ ಮೂರು ತಾಲೂಕುಗಳು ಸ್ವತಃ ಅನುಭವಿಸಿವೆ. ಅದರ ವಿಚಾರ ಮುಂದೆ ಬರುವುದು.

ನಾಲ್ಕು ರಾಷ್ಟ್ರಗಳ ನಾಲ್ಕು ಅಲೆಖಿನ್‌ರು

ಅಲೆಖಿನ್ 1892ರಲ್ಲಿ ಮಾಸ್ಕೋ ನಗರದ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದನು. 1914ರ ಬೇಸಿಗೆಯಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ನಡೆಯುತ್ತಿದ್ದ ಪಂದ್ಯಾವಳಿಯಲ್ಲಿ ಅವನು ಎಲ್ಲರಿಗಿಂತ ಮುಂದಿದ್ದಾಗಲೇ ಮೊದಲನೆಯ ಮಹಾಯುದ್ಧವು ಸಿಡಿಯಿತು. ನಿನ್ನೆಯವರೆಗೆ ಅತಿಥಿಗಳಾಗಿದ್ದ ರಷ್ಯನ್ ಆಟಗಾರರು ಬೆಳಗಾಗುವುದರೊಳಗೆ ಶತ್ರುದೇಶದ ಪ್ರಜೆಗಳಾಗಿ ಬಂಧಿತರಾದರು. ಅಲೆಖಿನ್ ಕೆಲಕಾಲದ ನಂತರ ಬಿಡುಗಡೆಗೊಂಡು ಸ್ವದೇಶಕ್ಕೆ ಮರಳಿದನು. ಅಲ್ಲಿ ಅವನಿಗಾಗಿ ಕಾದಿದ್ದುದು ಕ್ರಾಂತಿ. 1919ರಲ್ಲಿ ಒಡೆಸ್ಸಾ ನಗರದಲ್ಲಿ ಹೊಸ ಸರಕಾರದವರು ಅವನನ್ನು ಸೆರೆಯಲ್ಲಿಟ್ಟು ಬಿಟ್ಟರು. ಮರುವರ್ಷವೇ ಅದೇ ಸರಕಾರದ ಆಶ್ರಯದಲ್ಲಿ ನಡೆದ ಅಖಿಲ ರಷ್ಯಾ ಸ್ಪರ್ಧೆಯಲ್ಲಿ ಅವನು ಪ್ರಥಮನಾದನು. 1921ರಲ್ಲಿ ದೇಶ ಬಿಟ್ಟು ಹೋದವನು ಫ್ರಾನ್ಸಿನಲ್ಲಿ ನೆಲೆಸಿ, ಅಲ್ಲಿನ ಪೌರತ್ವವನ್ನು ಪಡೆದನು. 1927ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಕ್ಯೂಬಾ ದೇಶದ ಕಾಪಾಬ್ಲಾಂಕಾನನ್ನು ಎದುರಿಸಿ, 34 ಆಟಗಳ ದೀರ್ಘ ಹೋರಾಟದಲ್ಲಿ 6 ಗೆದ್ದು, 3 ಸೋತು, 25 ಸಮಗೊಳಿಸಿ ವಿಶ್ವವಿಜೇತನಾದನು. ಸೋಲನ್ನೇ ಅರಿಯದವನೆಂದು ಲೋಕವು ಭಾವಿಸಿದ್ದ ಕಾಪಾಬ್ಲಾಂಕಾನನ್ನು ಸೋಲಿಸಿದ ಈ ಗೆಲುವು ಅಸಾಮಾನ್ಯವಾದುದು.

ಇಲ್ಲಿಂದ ಮುಂದೆ ಅವನ ಕೀರ್ತಿಯ ಹಾಸಿನಲ್ಲಿ ಕಾಯಿ ನಡೆಸಿದವರು ಬೇರೆಯವರು. ಪ್ಯಾರಿಸ್ಸಿನಲ್ಲಿದ್ದ ರಷ್ಯನ್ ವಲಸಿಗರು ಅವನ ವಿಜಯವನ್ನು ಸಂಭ್ರಮಿಸಲು ಕೂಟವೊಂದನ್ನು ಏರ್ಪಡಿಸಿದರು. ಆ ಕೂಟದಲ್ಲಿ ಅವನು ಬೋಲ್ಶೆವಿಕ್ ಆಡಳಿತದ ವಿರುದ್ಧ ಮಾತನಾಡಿದನೆಂದು ವಲಸಿಗರ ಪತ್ರಿಕೆಗಳು ವರದಿ ಮಾಡಿದವು. 1928ರಲ್ಲಿ ಸೋವಿಯೆತ್ ಚದುರಂಗ ಸಂಘಟನೆಯ ಮುಖ್ಯಸ್ಥನೂ ಸರಕಾರದ ಅಭಿಯೋಜಕನೂ ಆಗಿದ್ದ ಕ್ರಿಲೆಂಕೋ ಎಂಬಾತನು ಆ ವರದಿಯನ್ನಾಧರಿಸಿ, ಅಲೆಖಿನ್ ಇನ್ನು ಮುಂದೆ ನಮ್ಮ ಶತ್ರುವೆಂದು ಮುದ್ರಿತವಾಗಿ ಘೋಷಿಸಿದನು. ಮಾಸ್ಕೋದಲ್ಲಿಯೇ ಉಳಿದಿದ್ದ ಅಲೆಖಿನ್‌ನ ಸ್ವಂತ ಅಣ್ಣನು ಸಹ ತಮ್ಮನನ್ನು ಖಂಡಿಸುವ ಹೇಳಿಕೆಗೆ ತನ್ನ ಹೆಸರನ್ನು ಕೊಡಬೇಕಾಯಿತು. ಹತ್ತು ವರ್ಷಗಳ ನಂತರ, 1938ರಲ್ಲಿ, ಶತ್ರುವೆಂದು ಘೋಷಿಸಿದ ಕ್ರಿಲೆಂಕೋನನ್ನೇ ಶತ್ರುವೆಂದು ಘೋಷಿಸಿ ಅವನ ಸರಕಾರವು ಗುಂಡಿಗೆ ಬಲಿಕೊಟ್ಟಿತು. ಹೆಸರನ್ನು ಕೊಡುವ ಮತ್ತು ಕಸಿಯುವ ಅಧಿಕಾರವು ಯಾರ ಕೈಯಲ್ಲಿಯೂ ಸ್ಥಿರವಲ್ಲ.

ಎರಡನೆಯ ಚಿತ್ರವು 1939ರದು. ಮತ್ತೆ ಅದೇ ಬ್ಯೂನಸ್ ಐರಿಸ್ ನಗರ. ಚದುರಂಗದ ಒಲಿಂಪಿಯಾಡ್ ನಡೆಯುತ್ತಿದ್ದಾಗಲೇ ಸೆಪ್ಟೆಂಬರ್ 1ರಂದು ಜರ್ಮನಿಯು ಪೋಲೆಂಡಿನ ಮೇಲೆ ಎರಗಿತು. ಇಂಗ್ಲೆಂಡಿನ ತಂಡವು ಆಟವನ್ನು ಬಿಟ್ಟು ಸ್ವದೇಶಕ್ಕೆ ಹೊರಟಿತು. ಫ್ರಾನ್ಸಿನ ತಂಡದ ನಾಯಕನಾಗಿದ್ದ ಅಲೆಖಿನ್ ಜರ್ಮನ್ ತಂಡದ ಎದುರು ಕೂಡಲು ನಿರಾಕರಿಸಿದನು. ಆ ಪಂದ್ಯವನ್ನು ಆಡದೆಯೇ ಸಮವೆಂದು ದಾಖಲಿಸಲಾಯಿತು. ಹಲವು ಆಟಗಾರರು ಯುದ್ಧಕ್ಕಂಜಿ ದಕ್ಷಿಣ ಅಮೆರಿಕದಲ್ಲಿಯೇ ಉಳಿದರು. ಆದರೆ ಅಲೆಖಿನ್ ಫ್ರಾನ್ಸಿಗೆ ಮರಳಿ ಸೈನ್ಯದಲ್ಲಿ ದುಭಾಷಿಯಾಗಿ ಸೇವೆಗೆ ನಿಂತನು. ಆ ದಿನಗಳಲ್ಲಿ ಅವನು ಮಿತ್ರರಾಷ್ಟ್ರಗಳ ಕಣ್ಣಿಗೆ ದೇಶಪ್ರೇಮಿಯಾದ ಆಟಗಾರ.

ಹದಿನೆಂಟೇ ತಿಂಗಳುಗಳಲ್ಲಿ ಆ ಚಿತ್ರವು ಸಂಪೂರ್ಣವಾಗಿ ತಿರುಗಿಬಿತ್ತು. 1940ರ ಜೂನಿನಲ್ಲಿ ಫ್ರಾನ್ಸ್ ಸೋತು ಶರಣಾಯಿತು. 1941ರ ಮಾರ್ಚ್ ತಿಂಗಳಿನಲ್ಲಿ, ಜರ್ಮನ್ ಸೈನ್ಯದ ಹಿಡಿತದಲ್ಲಿದ್ದ ಪ್ಯಾರಿಸ್ಸಿನಿಂದ ಹೊರಡುತ್ತಿದ್ದ 'ಪಾರಿಸೆರ್ ತ್ಸೈಟುಂಗ್' ಎಂಬ ಜರ್ಮನ್ ದಿನಪತ್ರಿಕೆಯಲ್ಲಿ ಅಲೆಖಿನ್‌ನ ಹೆಸರಿನಲ್ಲಿ ಒಂದು ಲೇಖನಮಾಲೆಯು ಪ್ರಕಟವಾಯಿತು. ಯಹೂದ್ಯರ ಚದುರಂಗವೂ ಆರ್ಯರ ಚದುರಂಗವೂ ಬೇರೆಬೇರೆ. ಯಹೂದ್ಯನು ರಕ್ಷಣೆಯಲ್ಲಿ ಅಡಗುವ ಹೇಡಿ, ಆರ್ಯನು ಮುನ್ನುಗ್ಗುವ ಧೀರ – ಇದು ಆ ಲೇಖನಗಳ ಸಾರ. ಸ್ಟೈನಿಟ್ಸ್, ಲಾಸ್ಕರ್, ನಿಮ್ಜೋವಿಚ್ ಮೊದಲಾದ ಮಹಾನ್ ಆಟಗಾರರನ್ನು ಅವರ ಜನ್ಮದ ಕಾರಣದಿಂದಲೇ ಅಲ್ಲಿ ಹೀಗಳೆಯಲಾಗಿತ್ತು. ಹಾಲೆಂಡಿನಲ್ಲಿಯ ಜರ್ಮನ್ ಪತ್ರಿಕೆಯೂ ಜರ್ಮನಿಯ ಚದುರಂಗ ಮಾಸಪತ್ರಿಕೆಯೂ ಇವನ್ನು ಮರುಮುದ್ರಿಸಿ ಪ್ರಚಾರ ಮಾಡಿದವು. ಅನಂತರದ ವರ್ಷಗಳಲ್ಲಿ ಅಲೆಖಿನ್ ಮ್ಯೂನಿಕ್, ಸಾಲ್ಸ್‌ಬರ್ಗ್, ಪ್ರಾಗ್ ಮುಂತಾದೆಡೆ ಜರ್ಮನಿಯವರು ನಡೆಸಿದ ಪಂದ್ಯಾವಳಿಗಳಲ್ಲಿ ಆಡಿದನು. ವಿಶ್ವವಿಜೇತನು ತಮ್ಮ ಬಳಿ ಇದ್ದಾನೆಂಬುದನ್ನು ತೋರಿಸಿಕೊಳ್ಳುವುದು ಆ ಸರಕಾರಕ್ಕೆ ಬೇಕಾಗಿತ್ತು. ಇದು ಮೂರನೆಯ ಅಲೆಖಿನ್.

ಯುದ್ಧವು ಮುಗಿಯುತ್ತ ಬಂದಂತೆ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ಕಾಲ ಕಳೆಯುತ್ತಿದ್ದ ಅವನು ಈ ಲೇಖನಗಳ ಬಗೆಗೆ ಸಮಜಾಯಿಷಿ ಕೊಡಲು ಆರಂಭಿಸಿದನು. ದೇಶ ಬಿಟ್ಟು ಹೊರಹೋಗಲು ಅನುಮತಿ ಬೇಕಿದ್ದುದರಿಂದ ಬರೆಯಬೇಕಾಯಿತೆಂದೂ, ತಾನು ಬರೆದುದು ಕೇವಲ ಆಟದ ಶಾಸ್ತ್ರಕ್ಕೆ ಸಂಬಂಧಿಸಿದುದೆಂದೂ, ಜರ್ಮನ್ ಸಂಪಾದಕರು ಅದನ್ನು ತಿದ್ದಿ ಬೇರೆಯೇ ಆಗಿಸಿದರೆಂದೂ ಅವನ ವಾದ. 1945ರ ಡಿಸೆಂಬರಿನಲ್ಲಿ ಲಂಡನ್ ಪಂದ್ಯಾವಳಿಯ ವ್ಯವಸ್ಥಾಪಕರಿಗೆ ಬರೆದ ಬಹಿರಂಗ ಪತ್ರದಲ್ಲಿಯೂ ಇದನ್ನೇ ಹೇಳಿದನು. ಆದರೆ ಅಮೆರಿಕ, ಹಾಲೆಂಡ್ ಮೊದಲಾದ ದೇಶಗಳ ಆಟಗಾರರ ವಿರೋಧದಿಂದಾಗಿ ಅವನಿಗೆ ಕೊಟ್ಟಿದ್ದ ಆಮಂತ್ರಣವನ್ನು ಹಿಂದಕ್ಕೆ ಪಡೆಯಲಾಯಿತು. ಸ್ಪರ್ಧೆಯಿಲ್ಲ, ಆದಾಯವಿಲ್ಲ, ಆರೋಗ್ಯವಿಲ್ಲ. 1946ರ ಮಾರ್ಚಿನಲ್ಲಿ ಸೋವಿಯೆತ್ ವೀರ ಬೊತ್ವಿನ್ನಿಕ್‌ನೊಡನೆ ಪಂದ್ಯವನ್ನು ನಡೆಸಲು ಬ್ರಿಟಿಷ್ ಚದುರಂಗ ಸಂಸ್ಥೆಯು ಸಮ್ಮತಿಸಿದ ಹೊತ್ತಿಗೇ, ಅದೇ ತಿಂಗಳ 24ರಂದು, ಪೋರ್ಚುಗಲ್ಲಿನ ಎಸ್ತೊರಿಲ್ ಎಂಬಲ್ಲಿಯ ಹೋಟೆಲ್ ಕೋಣೆಯಲ್ಲಿ ಅವನು ಒಬ್ಬಂಟಿಯಾಗಿ ಮೃತನಾದನು. ವಿಶ್ವವಿಜೇತನ ಪಟ್ಟದಲ್ಲಿರುವಾಗಲೇ ತೀರಿಕೊಂಡವನು ಇತಿಹಾಸದಲ್ಲಿ ಅವನೊಬ್ಬನೇ. ಕುರ್ಚಿಯಲ್ಲಿ ಕುಳಿತ ಶವ, ಹತ್ತಿರದಲ್ಲಿ ಚದುರಂಗದ ಹಾಸು – ಈ ಛಾಯಾಚಿತ್ರವು ಜಗತ್ತಿನಾದ್ಯಂತ ಪ್ರಸಾರವಾಯಿತು. ಅದನ್ನು ಕೃತಕವಾಗಿ ಅಣಿಗೊಳಿಸಿ ತೆಗೆದರೆಂಬ ಸಂದೇಹ ಇಂದಿಗೂ ಉಳಿದಿದೆ. ಅವನ ಸಾವಿನ ಚಿತ್ರವನ್ನು ಕೂಡ ಲೋಕವು ನಂಬದಾಯಿತು.

ನಾಲ್ಕನೆಯ ಅಲೆಖಿನ್ ಮರಣೋತ್ತರವಾಗಿ ಹುಟ್ಟಿದವನು. ಯುದ್ಧದ ನಂತರ ವಿಶ್ವಚದುರಂಗದ ನಾಯಕತ್ವವು ಸೋವಿಯೆತ್ ದೇಶದ ಪಾಲಾದಾಗ, ಆ ಪರಂಪರೆಗೆ ಒಬ್ಬ ಮೂಲಪುರುಷ ಬೇಕಾದನು. 1928ರಲ್ಲಿ ಶತ್ರುವೆನಿಸಿದವನು ಈಗ ರಷ್ಯದ ಪ್ರತಿಭೆಯ ರತ್ನನಾದನು. 1956ರಲ್ಲಿ ಮಾಸ್ಕೋದಲ್ಲಿ ಅವನ ಸ್ಮಾರಕ ಪಂದ್ಯಾವಳಿ ನಡೆಯಿತು. ಅದೇ ವರ್ಷ ಅವನ ಅಸ್ಥಿಗಳನ್ನು ಪೋರ್ಚುಗಲ್ಲಿನಿಂದ ತಂದು ಪ್ಯಾರಿಸ್ಸಿನ ಮೋಂಪಾರ್ನಾಸ್ ಶ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಆ ಸಮಾಧಿಯ ಕಲ್ಲಿನ ಮೇಲೆ ಕೊರೆದ ಜನನ ಮತ್ತು ಮರಣದ ದಿನಾಂಕಗಳೆರಡೂ ತಪ್ಪು. ಗೌರವಿಸುವ ಆತುರದಲ್ಲಿ ಸತ್ಯದ ದಿನಾಂಕವನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಒತ್ತಾಯವೋ, ಒಪ್ಪಿಗೆಯೋ?

ಇಷ್ಟನ್ನು ಹೇಳಿದ ಮೇಲೆ, ಅಲೆಖಿನ್ ಕೇವಲ ಪತ್ರಿಕೆಗಳ ಬಲಿಪಶುವೆಂದು ತೀರ್ಮಾನಿಸುವುದು ಸುಲಭ. ಅನೇಕ ಅಭಿಮಾನಿಗಳು ಹಾಗೆ ತೀರ್ಮಾನಿಸಿಯೂ ಇದ್ದಾರೆ. ಈ ಲೇಖಕನಿಗೆ ಅದು ಒಪ್ಪಿಗೆಯಲ್ಲ.

ಅವನ ಪಕ್ಷದಲ್ಲಿ ಹೇಳಬಹುದಾದುದು ಇಲ್ಲದಿಲ್ಲ. ಆಕ್ರಮಿತ ನಗರದಲ್ಲಿ ಬಂದೂಕಿನ ನೆರಳಿನಲ್ಲಿ ಬದುಕುವವನ ಲೇಖನಿಯು ಸ್ವತಂತ್ರವಲ್ಲ. ಅವನ ಪತ್ನಿಯೂ ಆಸ್ತಿಯೂ ಫ್ರಾನ್ಸಿನಲ್ಲಿಯೇ ಇದ್ದವು. ಆದರೆ ಪ್ರತಿಪಕ್ಷದ ಸಾಕ್ಷ್ಯವನ್ನೂ ಎದುರಿಗಿಡಬೇಕು. 1941ರ ಸೆಪ್ಟೆಂಬರಿನಲ್ಲಿ, ಜರ್ಮನ್ ಸೈನ್ಯವಿಲ್ಲದ ಮ್ಯಾಡ್ರಿಡ್ ನಗರದಲ್ಲಿ ಅಲ್ಲಿನ ಪತ್ರಿಕೆಗಳಿಗೆ ಕೊಟ್ಟ ಸಂದರ್ಶನಗಳಲ್ಲಿ ಅವನು ಅದೇ ಬಗೆಯ ಮಾತುಗಳನ್ನು ಆಡಿರುವುದು ಮುದ್ರಿತವಾಗಿದೆ. ಸ್ಪೇನಿನ ಅಂದಿನ ಸರಕಾರವು ಜರ್ಮನಿಯ ಮಿತ್ರನೆಂಬುದು ನಿಜ. ಆದರೂ ಪ್ಯಾರಿಸ್ಸಿನ ಸಂಪಾದಕನೇ ಎಲ್ಲವನ್ನೂ ತಿದ್ದಿದನೆಂಬ ವಾದಕ್ಕೆ ಇದರಿಂದ ಪೆಟ್ಟು ಬೀಳುತ್ತದೆ. ಅವನ ಪತ್ನಿಯ ಮರಣಾನಂತರ ದೊರೆತ ಕಾಗದಪತ್ರಗಳಲ್ಲಿ ಆ ಲೇಖನದ ಭಾಗವನ್ನು ಅವನ ಸ್ವಹಸ್ತದಲ್ಲಿಯೇ ಕಂಡುದಾಗಿ ಹೇಳಿದವರೂ ಇದ್ದಾರೆ. ಲೇಖನಗಳಲ್ಲಿರುವ ಕೆಲವು ಒರಟು ತಪ್ಪುಗಳು ಅವನಂಥ ಪಂಡಿತನಿಂದ ಆಗುವಂಥವಲ್ಲವೆಂಬ ವಾದವೂ ಉಂಟು. ಎಲ್ಲವನ್ನೂ ತೂಗಿ ನೋಡಿದಾಗ, ಬೇರೆಯವರ ಕೈವಾಡವು ಸ್ವಲ್ಪ ಇದ್ದಿರಬಹುದು. ಆದರೆ ಹೊಣೆಯಿಂದ ಪೂರ್ತಿಯಾಗಿ ಜಾರಿಕೊಳ್ಳಲು ಅವನಿಗೆ ಹಾದಿಯಿಲ್ಲ ಎಂಬುದೇ ನ್ಯಾಯವಾದ ನಿಲುವೆಂದು ತೋರುತ್ತದೆ.

ಹೊಣೆಯ ಮಾತನ್ನು ಇಷ್ಟು ಬಿಗಿಯಾಗಿ ಏಕೆ ಆಡಬೇಕು? ಆ ಮಾತುಗಳು ಬರಿಯ ಮಾತುಗಳಾಗಿರಲಿಲ್ಲ. ಅಲೆಖಿನ್‌ನ ಹೆಸರಿನ ಲೇಖನವು ಹೀಗಳೆದ ಎಮಾನ್ಯುಯೆಲ್ ಲಾಸ್ಕರ್ 27 ವರ್ಷ ವಿಶ್ವವಿಜೇತನಾಗಿದ್ದವನು. ಯಹೂದ್ಯನೆಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯನ್ನು ಬಿಟ್ಟು, ಆಸ್ತಿಯನ್ನು ಕಳೆದುಕೊಂಡು, 1941ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಕಣ್ಮುಚ್ಚಿದ್ದನು. ಅವನು ತೀರಿಕೊಂಡು ಎರಡು ತಿಂಗಳಾಗುವಷ್ಟರಲ್ಲಿ ಈ ಲೇಖನ ಬಂದಿತು. ಪೋಲೆಂಡಿನ ಶ್ರೇಷ್ಠ ಆಟಗಾರ ಡಾವಿಡ್ ಪ್ಶೆಪ್ಯುರ್ಕಾನನ್ನು ಜರ್ಮನರು 1940ರಲ್ಲಿಯೇ ಗುಂಡಿಕ್ಕಿ ಕೊಂದಿದ್ದರು. ಹಾಲೆಂಡಿನ ಸಾಲೋ ಲಾಂಡೌ 1944ರಲ್ಲಿ ಶಿಬಿರದಲ್ಲಿ ಸತ್ತನು. ಒಂದು ಜನಾಂಗವು ಹುಟ್ಟಿನಿಂದಲೇ ಹೇಡಿ, ಹುಟ್ಟಿನಿಂದಲೇ ಕಪಟಿ ಎಂದು ವಿಶ್ವವಿಜೇತನ ಹೆಸರಿನಲ್ಲಿ ಅಚ್ಚಾದಾಗ, ಕೊಲ್ಲುವವನ ಮನಸ್ಸಿನ ಕೊನೆಯ ಅಳುಕೂ ದೂರವಾಗುತ್ತದೆ. ಅಕ್ಷರದ ಹೊಣೆ ಇಂಥದು.

ಅದರೊಂದಿಗೆ ಇನ್ನೊಂದು ಸತ್ಯವನ್ನೂ ಮರೆಯಬಾರದು. ಅದೇ ಲಾಸ್ಕರ್, 1914ರಲ್ಲಿ ಯುದ್ಧ ಆರಂಭವಾದಾಗ, ಬರ್ಲಿನ್ನಿನ ಪತ್ರಿಕೆಯಲ್ಲಿ ಜರ್ಮನಿಯ ಯುದ್ಧವನ್ನು ಸಮರ್ಥಿಸಿ ಲೇಖನಗಳನ್ನು ಬರೆದವನು. ಯಾವ ರಾಷ್ಟ್ರದ ಗೆಲುವನ್ನು ಹಾರೈಸಿ ಬರೆದನೋ, ಆ ರಾಷ್ಟ್ರವೇ ಇಪ್ಪತ್ತು ವರ್ಷಗಳೊಳಗೆ ಅವನನ್ನು ಹೊರಗಟ್ಟಿತು. ಯುದ್ಧಜ್ವರವು ಪಂಡಿತ ಪಾಮರರೆಂಬ ಭೇದವಿಲ್ಲದೆ ಎಲ್ಲರಿಗೂ ತಗಲುತ್ತದೆ. ಹಾಸಿನ ಮೇಲೆ ಇಪ್ಪತ್ತು ನಡೆ ಮುಂದೆ ಕಾಣಬಲ್ಲವನಿಗೆ ಲೋಕವ್ಯವಹಾರದಲ್ಲಿ ಒಂದು ನಡೆ ಮುಂದಿನದೂ ಕಾಣದೆ ಹೋಗಬಹುದು. ಬುದ್ಧಿಬಲವು ಶೀಲಬಲವಲ್ಲ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಬೇರೆ ಯಾವ ಕಥೆ ಕಲಿಸೀತು?

ನಮ್ಮವನೇ ಆದ ಮೀರ್ ಸುಲ್ತಾನ್ ಖಾನನ ಉದಾಹರಣೆಯೂ ಇಲ್ಲಿ ಉಚಿತವಾದುದು. ಅವಿಭಕ್ತ ಪಂಜಾಬಿನ ಈತನು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಪ್ರಶಸ್ತಿಯನ್ನು ಗೆದ್ದನು; ಕಾಪಾಬ್ಲಾಂಕಾನನ್ನೂ ಸೋಲಿಸಿದನು. ಅಂದಿನ ಪಾಶ್ಚಾತ್ಯ ಬರಹಗಳು ಅವನನ್ನು ಅಕ್ಷರ ಬಾರದ ಸೇವಕನೆಂದೂ, ವಿಚಿತ್ರ ವಸ್ತುವೆಂದೂ ಚಿತ್ರಿಸಿದವು. ಅವನ ಮನೆತನದವರು ಈಚಿನ ವರ್ಷಗಳಲ್ಲಿ ಆ ಚಿತ್ರವನ್ನು ಬಲವಾಗಿ ಅಲ್ಲಗಳೆದಿದ್ದಾರೆ. ವಿಶ್ವಚದುರಂಗ ಸಂಸ್ಥೆಯು ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟುದು 2024ರಲ್ಲಿ. ಅವನು ತೀರಿಕೊಂಡು ಐವತ್ತೆಂಟು ವರ್ಷಗಳಾದ ಮೇಲೆ. ಒಮ್ಮೆ ಅಚ್ಚಾದ ಹೆಸರು ಅಳಿಸಲು ಎಷ್ಟು ಕಾಲ ಬೇಕೆಂಬುದನ್ನು ಇದರಿಂದ ತಿಳಿಯಬಹುದು.

ನಮ್ಮ ನೆಲದ ಅನುಭವ

ಪರದೇಶದ ಕನ್ನಡಿಯಲ್ಲಿ ಪರರ ಮುಖವನ್ನು ನೋಡಿ ಸಂತೋಷಪಡುವುದು ವಿವೇಕವಲ್ಲ. ಆ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸಬೇಕು.

1947ರ ಆಗಸ್ಟ್ 15ರಂದು ಭಾರತವು ಸ್ವತಂತ್ರವಾದಾಗ ಆಳಂದ, ಅಫಜಲಪುರ, ಜೇವರ್ಗಿಗಳು ಹೈದರಾಬಾದ್ ಸಂಸ್ಥಾನದಲ್ಲಿಯೇ ಉಳಿದವು. ಮುಂದಿನ ಹದಿಮೂರು ತಿಂಗಳುಗಳು ಈ ಭಾಗದ ಹಿರಿಯರು ಎಂದಿಗೂ ಮರೆಯದ ದಿನಗಳು. ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರ, ವಿಜಯಪುರ ಜಿಲ್ಲೆಗಳಿಗೆ ಹೋದವು. ನಮ್ಮ ನೆರೆಯ ಸಿಂದಗಿಯಲ್ಲಿ ಹುಟ್ಟಿದ, ಮೂಲತಃ ಶಿಕ್ಷಕರಾಗಿದ್ದ ಸ್ವಾಮಿ ರಮಾನಂದ ತೀರ್ಥರು ಸಂಸ್ಥಾನದ ವಿಮೋಚನಾ ಚಳವಳಿಯನ್ನು ಮುನ್ನಡೆಸಿದರು. ಆ ಕಾಲದಲ್ಲಿ ಸುದ್ದಿಯೆಂಬುದು ಎರಡು ಪಾಳೆಯಗಳಾಗಿ ಒಡೆದಿತ್ತು. ಒಂದು ಪಾಳೆಯದ ವೀರನು ಇನ್ನೊಂದು ಪಾಳೆಯದ ದ್ರೋಹಿ.

ಇಂಥ ಹೊತ್ತಿನಲ್ಲಿ ಹೈದರಾಬಾದಿನಲ್ಲಿ ಶೋಯಬುಲ್ಲಾ ಖಾನ್ ಎಂಬ ತರುಣ ಪತ್ರಕರ್ತರಿದ್ದರು. 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕರು. ಸಂಸ್ಥಾನವು ಭಾರತದೊಡನೆ ಸೇರಬೇಕು, ರಜಾಕಾರರ ಅನ್ಯಾಯವು ನಿಲ್ಲಬೇಕು ಎಂದು ಅವರು ನಿರ್ಭಯವಾಗಿ ಬರೆದರು. 1948ರ ಆಗಸ್ಟ್ 22ರ ನಡುರಾತ್ರಿಯ ಹೊತ್ತಿಗೆ, ಮನೆಗೆ ಮರಳುತ್ತಿದ್ದ ಅವರನ್ನು ರಜಾಕಾರರು ಬೀದಿಯಲ್ಲಿಯೇ ಕೊಂದರು. ಬರೆಯುವ ಕೈಯನ್ನು ಕಡಿದರು. ಪ್ಯಾರಿಸ್ಸಿನ ವಿಶ್ವವಿಜೇತನನ್ನೂ ಹೈದರಾಬಾದಿನ ಈ ಸಂಪಾದಕರನ್ನೂ ಒಟ್ಟಿಗೆ ನೆನೆದಾಗ, ಒತ್ತಾಯವಿತ್ತೆಂಬ ಸಮಜಾಯಿಷಿಯ ನಿಜವಾದ ಬೆಲೆ ಗೊತ್ತಾಗುತ್ತದೆ. ಎಲ್ಲರೂ ಪ್ರಾಣ ಕೊಡಬೇಕೆಂದು ಯಾರೂ ಕೇಳಲಾರರು. ಆದರೆ ಪ್ರಾಣ ಕೊಟ್ಟವರಿದ್ದರೆಂಬ ಸಂಗತಿಯನ್ನು ಮುಚ್ಚಿಟ್ಟು, ಬಾಗಿದವರಿಗೆ ಬೇರೆ ಹಾದಿಯೇ ಇರಲಿಲ್ಲವೆನ್ನುವುದು ಸತ್ಯವಲ್ಲ.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಮಣಿದರು. ಟ್ಯಾಂಕುಗಳೂ ವಿಮಾನಗಳೂ ಪಾಲ್ಗೊಂಡ ಈ ಕಾರ್ಯಕ್ಕೆ ಪೊಲೀಸ್ ಕಾರ್ಯಾಚರಣೆ ಎಂಬ ಹೆಸರು ಬಿದ್ದಿತು; ಪತ್ರಿಕೆಗಳಲ್ಲಿ ಅದೇ ರೂಢವಾಯಿತು. ವಿಮೋಚನೆಯ ಸಂತೋಷವು ನಿಜವಾದುದು, ನ್ಯಾಯವಾದುದು. ಪ್ರತಿವರ್ಷ ಸೆಪ್ಟೆಂಬರ್ 17ರಂದು ನಾವು ಧ್ವಜವನ್ನೇರಿಸಿ ಅದನ್ನು ನೆನೆಯುತ್ತೇವೆ. ಆದರೆ ಅನಂತರದ ವಾರಗಳಲ್ಲಿ ರಜಾಕಾರರ ಪಾಪಕ್ಕೆ ಸಂಬಂಧವೇ ಇಲ್ಲದ ಸಾವಿರಾರು ಮುಸಲ್ಮಾನ ರೈತರು, ಕುಶಲಕರ್ಮಿಗಳು ಹಳ್ಳಿಹಳ್ಳಿಗಳಲ್ಲಿ ಹತರಾದರು. ಕೇಂದ್ರ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ತಂಡವು ಸತ್ತವರ ಸಂಖ್ಯೆ 27,000ದಿಂದ 40,000ದವರೆಗೆ ಇರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದವುಗಳಲ್ಲಿ ನಮ್ಮ ಕಲಬುರಗಿಯೂ ಒಂದು. ಆ ವರದಿಯು ಬಹುಕಾಲ ಪ್ರಕಟವಾಗಲಿಲ್ಲ. ಸಾರ್ವಜನಿಕರ ಓದಿಗೆ ದೆಹಲಿಯಲ್ಲಿ ದೊರೆತುದು 2013ರ ಹೊತ್ತಿಗೆ. ಅರುವತ್ತೈದು ವರ್ಷಗಳ ಕಾಲ ನಮ್ಮ ಮಕ್ಕಳು ಅರ್ಧ ಇತಿಹಾಸವನ್ನೇ ಓದಿದರು. ರಜಾಕಾರರ ಕ್ರೌರ್ಯವನ್ನು ಹೇಳದಿರುವುದು ಎಷ್ಟು ತಪ್ಪೋ, ಅನಂತರ ನಡೆದುದನ್ನು ಹೇಳದಿರುವುದೂ ಅಷ್ಟೇ ತಪ್ಪು. ಶೋಯಬುಲ್ಲಾ ಖಾನರಂಥವರನ್ನು ಮರೆತು, ಒಂದು ಸಮುದಾಯಕ್ಕೆಲ್ಲ ರಜಾಕಾರರ ಹೆಸರನ್ನೇ ಅಂಟಿಸುವುದಾದರೆ, ಪ್ಯಾರಿಸ್ಸಿನ ಆ ಪತ್ರಿಕೆಗೂ ನಮಗೂ ಇರುವ ಅಂತರ ಕಡಿಮೆಯಾಗುತ್ತದೆ.

ಇದು ಹೊಸ ರೋಗವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಬಿಜ್ಜಳನನ್ನೇ ನೋಡೋಣ. ವೀರಶೈವ ಕವಿಗಳ ಬಿಜ್ಜಳ ಒಬ್ಬ, ಜೈನ ಕವಿಗಳ ಬಿಜ್ಜಳ ಮತ್ತೊಬ್ಬ, ಶಾಸನಗಳಲ್ಲಿ ಕಾಣುವ ಬಿಜ್ಜಳ ಮೂರನೆಯವ. ಬಸವಣ್ಣನವರ ಚಿತ್ರವೂ ಈ ಗ್ರಂಥದಿಂದ ಆ ಗ್ರಂಥಕ್ಕೆ ಬದಲಾಗುತ್ತದೆ. ನಮ್ಮ ವಿದ್ವಾಂಸರು ಶಾಸನ, ವಚನ, ಪುರಾಣಗಳನ್ನು ಒಂದರೆದುರು ಒಂದಿಟ್ಟು, ಶತಮಾನಕ್ಕೂ ಹೆಚ್ಚು ಕಾಲ ಶ್ರಮಿಸಿ, ಹೊಗಳಿಕೆ ಎಷ್ಟು, ತೆಗಳಿಕೆ ಎಷ್ಟು, ನಡೆದುದೆಷ್ಟು ಎಂದು ಜರಡಿ ಹಿಡಿದರು. ಅದರಿಂದ ಬಸವಣ್ಣನವರ ಘನತೆ ಕುಗ್ಗಲಿಲ್ಲ, ಹೆಚ್ಚಿತು. ಸತ್ಯದ ಪರೀಕ್ಷೆಗೆ ಅಂಜಬೇಕಾದುದು ಟೊಳ್ಳು ಕೀರ್ತಿಯೇ ಹೊರತು ಗಟ್ಟಿ ಕೀರ್ತಿಯಲ್ಲ. ನುಡಿಗೂ ನಡೆಗೂ ಅಂತರವಿರಬಾರದೆಂಬುದು ಶರಣರು ಹಾಕಿಕೊಟ್ಟ ಅಳತೆಗೋಲು. ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ದಾಸೋಹದ ನಡೆಯಿಂದಲೇ ಜನಮನದಲ್ಲಿ ನೆಲೆಸಿದರು. ಜೇವರ್ಗಿಯ ಷಣ್ಮುಖ ಶಿವಯೋಗಿಗಳು 'ಅಖಂಡೇಶ್ವರ' ಅಂಕಿತದ ವಚನಗಳಲ್ಲಿ ಆ ಪರಂಪರೆಯನ್ನು ಮುಂದುವರಿಸಿದರು. ಈ ಅಳತೆಗೋಲಿನಿಂದ ಅಲೆಖಿನ್‌ನನ್ನು ಅಳೆದಾಗ ಅವನ ಆಟವು ಹಿರಿದಾಗಿಯೇ ಉಳಿಯುತ್ತದೆ, ಅವನ ನುಡಿಯು ಕಿರಿದಾಗಿಯೇ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯವೇ ಶಿಕ್ಷಣ.

ಶಾಲೆಯ ಕರ್ತವ್ಯ

ಇಂದು ವೃತ್ತಪತ್ರಿಕೆಯ ಸ್ಥಾನಕ್ಕೆ ಅಂಗೈಯಲ್ಲಿಯ ದೂರವಾಣಿ ಬಂದಿದೆ. ಪ್ಯಾರಿಸ್ಸಿನ ಪತ್ರಿಕೆಗೆ ಒಬ್ಬ ಸಂಪಾದಕನಾದರೂ ಇದ್ದನು, ಅವನ ಹೆಸರು ಹಿಡಿದು ಕೇಳಬಹುದಿತ್ತು. ಕೈಯಿಂದ ಕೈಗೆ ಹಾರುವ ಇಂದಿನ ಸುದ್ದಿಗೆ ಬರೆದವನೂ ಇಲ್ಲ, ಹೊಣೆಗಾರನೂ ಇಲ್ಲ. ಗಡಿಯಲ್ಲಿ ಉದ್ವೇಗ ಹುಟ್ಟಿದಾಗಲೆಲ್ಲ ಆಟಗಾರರು, ಕಲಾವಿದರು, ಅಧ್ಯಾಪಕರು ಕ್ಷಣಾರ್ಧದಲ್ಲಿ ದೇಶಭಕ್ತರೋ ದ್ರೋಹಿಗಳೋ ಆಗಿಬಿಡುವುದನ್ನು ನಾವು ಕಾಣುತ್ತಿದ್ದೇವೆ. ನಮ್ಮ ವಿದ್ಯಾರ್ಥಿಗಳು ಈ ಪ್ರವಾಹದ ನಡುವೆ ನಿಂತಿದ್ದಾರೆ. ಅವರಿಗೆ ಈಜು ಕಲಿಸದೆ, ನೀರಿಗಿಳಿಯಬೇಡಿರೆಂದು ಹೇಳಿದರೆ ಪ್ರಯೋಜನವಿಲ್ಲ.

ಆದುದರಿಂದ ಮೂರು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಶಿಕ್ಷಕ ಬಂಧುಗಳಲ್ಲಿ ಮೊದಲನೆಯದು: ವಾರಕ್ಕೆ ಒಂದು ಅವಧಿ, ಒಂದೇ ಸಂಗತಿಯನ್ನು ಕುರಿತು ಎರಡು ಪತ್ರಿಕೆಗಳ ವರದಿಯನ್ನು ಮಕ್ಕಳಿಂದ ಓದಿಸಿ, ಎಲ್ಲಿ ವ್ಯತ್ಯಾಸವಿದೆ, ಯಾರು ಏನನ್ನು ಬಿಟ್ಟಿದ್ದಾರೆ ಎಂದು ಕೇಳಬೇಕು. ಇದಕ್ಕೆ ಹಣ ಬೇಡ, ತಾಳ್ಮೆ ಬೇಕು. ಎರಡನೆಯದು ಹಳೆಯ ವಿದ್ಯಾರ್ಥಿಗಳಲ್ಲಿ: 1948ನ್ನು ಕಣ್ಣಾರೆ ಕಂಡ ಹಿರಿಯರು ಈಗ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಅವರ ನೆನಪುಗಳನ್ನು, ಲಿಂಗಾಯತರದಾಗಲಿ, ಮುಸಲ್ಮಾನರದಾಗಲಿ, ದಲಿತರದಾಗಲಿ, ಭೇದವೆಣಿಸದೆ, ಅವರವರ ಮಾತಿನಲ್ಲಿಯೇ ಬರೆದಿಡಬೇಕು; ಧ್ವನಿಯನ್ನೂ ಸಂಗ್ರಹಿಸಬೇಕು. ಇನ್ನು ಕೆಲವೇ ವರ್ಷ ತಡೆದರೆ ಬರೆಯಲು ಯಾರೂ ಉಳಿದಿರುವುದಿಲ್ಲ. ಮೂರನೆಯದು ದಾನಿಗಳಲ್ಲಿ: ಕಟ್ಟಡಕ್ಕೆ ಕೊಟ್ಟ ದಾನವು ಕಣ್ಣಿಗೆ ಕಾಣುತ್ತದೆ, ಕಲ್ಲಿನ ಮೇಲೆ ಹೆಸರೂ ಬರುತ್ತದೆ. ಆದರೆ ಹಳೆಯ ಪತ್ರಿಕೆಗಳನ್ನೂ ಕಾಗದಪತ್ರಗಳನ್ನೂ ಗೆದ್ದಲಿನಿಂದ ಕಾಪಾಡುವ ಒಂದು ಕೋಣೆ, ಒಂದೆರಡು ಕಪಾಟುಗಳು, ಅವನ್ನು ನೋಡಿಕೊಳ್ಳುವ ಒಬ್ಬ ಗ್ರಂಥಪಾಲಕ, ಇವೂ ಅಕ್ಷರ ದಾಸೋಹವೇ. ಅನ್ನ ನೀಡುವ ಮಠದ ಸಂಪ್ರದಾಯಕ್ಕೆ ಇದು ಹೊರತಾದುದಲ್ಲ.

ಕೊನೆಯದಾಗಿ ಇಂಥ ಸ್ಮರಣ ಸಂಚಿಕೆಯ ಬಗೆಗೂ ಒಂದು ಮಾತು. ಇದೂ ಕೀರ್ತಿಯನ್ನು ಕಟ್ಟುವ ಕೆಲಸವನ್ನೇ ಮಾಡುತ್ತದೆ. ಇದರ ಪುಟಗಳಲ್ಲಿ ನಾವು ಯಾರನ್ನು ಹೊಗಳುತ್ತೇವೆ, ಯಾರನ್ನು ಬಿಡುತ್ತೇವೆ, ಯಾವ ದಿನಾಂಕವನ್ನು ಸರಿನೋಡದೆ ಅಚ್ಚು ಹಾಕುತ್ತೇವೆ ಎಂಬುದು ಐವತ್ತು ವರ್ಷಗಳ ನಂತರ ಓದುವವನಿಗೆ ಸಾಕ್ಷ್ಯವಾಗುತ್ತದೆ. ಗಂಟೆ ಬಾರಿಸಿದ ಜವಾನನ ಹೆಸರೂ, ಪ್ರಸಾದ ನಿಲಯದಲ್ಲಿ ರೊಟ್ಟಿ ಬಡಿದ ತಾಯಂದಿರ ಹೆಸರೂ ಅಧ್ಯಕ್ಷರ ಹೆಸರಿನಷ್ಟೇ ಸರಿಯಾಗಿ ಬರಲಿ. ಮೋಂಪಾರ್ನಾಸಿನ ಸಮಾಧಿಯ ಕಲ್ಲಿನಂತೆ ನಮ್ಮ ಗೌರವವು ತಪ್ಪು ದಿನಾಂಕವನ್ನು ಹೊತ್ತು ನಿಲ್ಲದಿರಲಿ.